ಗುರು ಯಾವ ಕಣದವರು?

ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಮೇ ತಿಂಗಳು ಮುಗಿಯುವ ಹೊತ್ತಿಗೆ ಕರಾವಳಿಯ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮಳೆ ಹಿಡಿಯುತ್ತದೆ. ಗದ್ದೆ ನೆಟ್ಟಿಗೂ ಅಡಿಕೆಗೆ ಮದ್ದು ಹೊಡೆಯುವುದಕ್ಕೂ ನಡುವೆ ಬಿಡುವು ಮಾಡಿಕೊಂಡು ಯಕ್ಷಗಾನ ಕಲಿಯುವ, ನಾಟಕ ಕಟ್ಟುವ ಸಂಘಗಳು ಆಗ ಒಂದು ಮಾತು ಕೇಳಿಕೊಳ್ಳುತ್ತವೆ: ಈ ವರ್ಷ ಕಲಿಸಲು ಯಾರನ್ನು ಕರೆಯೋಣ? ಊರಲ್ಲೇ ಇರುವ ಹವ್ಯಾಸಿಯನ್ನೋ, ಮೇಳದಲ್ಲಿ ದುಡಿದು ಬಂದ ವೃತ್ತಿ ಕಲಾವಿದರನ್ನೋ? ಈ ಮಾತಿಗೆ ನಾವು ಸಾಮಾನ್ಯವಾಗಿ ಎರಡು ಅಳತೆ ಹಿಡಿಯುತ್ತೇವೆ. ಒಂದು ಖರ್ಚು, ಇನ್ನೊಂದು ಹೆಸರು. ದುಡ್ಡಿದ್ದರೆ ಹೆಸರಾದವರು, ಇಲ್ಲದಿದ್ದರೆ ಊರಿನವರು. ಈ ಎರಡು ಅಳತೆಗಳೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದು ನನ್ನ ವಾದ. ಮಗು ನಾಳೆ ಯಾವ ಕಣಕ್ಕೆ ಇಳಿಯುತ್ತದೆ, ಆ ಕಣದಲ್ಲಿ ಅದರ ಮೈಗೆ ಮನಸ್ಸಿಗೆ ಯಾರು ಹೊಣೆ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಗುರು ಯಾರು ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ತಾನೇ ಸಿಗುತ್ತದೆ.

ವಾದವನ್ನು ನಮ್ಮ ಸೀಮೆಯಿಂದ ದೂರದ ಒಂದು ಆಟದಿಂದ ಶುರು ಮಾಡುತ್ತೇನೆ, ಅದು ಬಾಕ್ಸಿಂಗ್. ಹವ್ಯಾಸಿ, ವೃತ್ತಿಪರ ಎಂಬ ಗೆರೆ ನಮ್ಮಲ್ಲಿ ಬಾಯಿಮಾತಿನದು. ಬಾಕ್ಸಿಂಗಿನಲ್ಲಿ ಅದು ನಿಯಮದ ಪುಸ್ತಕದಲ್ಲೇ ಇದೆ. ಅಲ್ಲಿ ಅಮೆಚೂರ್ ಎಂಬ ಮಾತಿಗೆ ಅರೆಬರೆ ಕಲಿತವನು ಎಂಬ ಅರ್ಥವೇ ಇಲ್ಲ. ಒಲಿಂಪಿಕ್ಸಿನ ರಿಂಗು ಅಮೆಚೂರ್ ರಿಂಗು. ಈಗ ಅಲ್ಲಿ ಮೂರು ನಿಮಿಷದ ಮೂರು ಸುತ್ತು. ವೃತ್ತಿಪರ ಪಟ್ಟದ ಕಾಳಗ ಮೂರು ನಿಮಿಷದ ಹನ್ನೆರಡು ಸುತ್ತಿನವರೆಗೆ ಹೋಗುತ್ತದೆ. ಕೈಗವಸಿನ ತೂಕ ಬೇರೆ, ಅಂಕ ಕೊಡುವವರ ಕಣ್ಣು ಬೇರೆ, ವಾರವಿಡೀ ನಡೆಯುವ ಟೂರ್ನಮೆಂಟಿನಲ್ಲಿ ದಿನ ಬಿಟ್ಟು ದಿನ ಆಡುವ ದೇಹ ಬೇರೆ, ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಆಡುವ ದೇಹ ಬೇರೆ. ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಅಮೆಚೂರ್ ಬಾಕ್ಸಿಂಗ್ ಕಲಿಸುವ ಕೋಚ್ ಸಂಬಳ ಇಲ್ಲದವನೇನೂ ಅಲ್ಲ. ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾದದ್ದು 1961ರಲ್ಲಿ. ಅಲ್ಲಿ ತರಬೇತಿ ಪಡೆದು ಸರ್ಕಾರದ ಸಂಬಳಕ್ಕೆ ಅಮೆಚೂರ್ ಬಾಕ್ಸರುಗಳನ್ನು ತಯಾರು ಮಾಡುವವರು ಇದ್ದಾರೆ. ಹರಿಯಾಣದ ಭಿವಾನಿಯಲ್ಲಿ ವಿಜೇಂದರ್ ಸಿಂಗ್ ಅವರನ್ನು ತಿದ್ದಿದ ಜಗದೀಶ್ ಸಿಂಗ್ ಅಂಥ ಕೋಚ್. ವಿಜೇಂದರ್ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. 2015ರಲ್ಲಿ ವೃತ್ತಿಪರ ರಿಂಗಿಗೆ ಇಳಿದಾಗ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ ಬೇರೆ ತರಬೇತುದಾರರ ಕೈಕೆಳಗೆ ನಿಂತರು. ಭಿವಾನಿಯ ಗುರು ಕಡಿಮೆ ಎಂದು ಇದರ ಅರ್ಥವಲ್ಲ. ಕಣ ಬದಲಾಗಿತ್ತು.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯನ್ನೂ ಮುಚ್ಚಿಡಬಾರದು. ಉಕ್ರೇನಿನ ವಾಸಿಲ್ ಲೋಮಚೆಂಕೊ 2008ರಲ್ಲೂ 2012ರಲ್ಲೂ ಒಲಿಂಪಿಕ್ ಚಿನ್ನ ಗೆದ್ದವರು. ಅಮೆಚೂರ್ ದಿನಗಳಲ್ಲಿ ಅವರ ಗುರು ತಂದೆ ಅನಾತೊಲಿ, ವೃತ್ತಿಪರರಾದ ಮೇಲೂ ಅವರೇ. ಹಾಗಾದರೆ ಕಣ ಬದಲಾದರೆ ಗುರು ಬದಲಾಗಬೇಕು ಎಂಬ ಮಾತು ಬಿದ್ದುಹೋಯಿತಲ್ಲ ಎಂದು ಕೇಳಬಹುದು. ಆದರೆ 2014ರ ಮಾರ್ಚಿನಲ್ಲಿ ಏನಾಯಿತು ಎಂದು ನೋಡಿ. ವೃತ್ತಿಪರರಾಗಿ ತಮ್ಮ ಎರಡನೆಯ ಕಾಳಗದಲ್ಲೇ ಅವರು ಒರ್ಲಾಂಡೊ ಸಲಿಡೊ ಎಂಬ ಪಳಗಿದ ಮೆಕ್ಸಿಕನ್ನನ ಎದುರು ನಿಂತರು. ಸಲಿಡೊ ತೂಕದ ಮಿತಿ ಮೀರಿ ಬಂದಿದ್ದರು; ಹೊಟ್ಟೆಗೆ ಪಕ್ಕೆಗೆ ಹೊಡೆಯುತ್ತ, ಮೈಮೇಲೆ ಬಿದ್ದು ಹಿಡಿಯುತ್ತ, ಸುತ್ತುಗಳನ್ನು ಎಳೆಯುತ್ತ ಹೋದರು. ಒಲಿಂಪಿಕ್ ಚಿನ್ನ ಎರಡು ಸಲ ಗೆದ್ದವರು ಹನ್ನೆರಡು ಸುತ್ತಿನ ಆ ಕಾಳಗದಲ್ಲಿ ತೀರ್ಪುಗಾರರ ಒಡೆದ ತೀರ್ಪಿನಲ್ಲಿ ಸೋತರು. ಅದೇ ವರ್ಷ ಜೂನಿನಲ್ಲಿ, ಅದೇ ತಂದೆಯ ಮಾರ್ಗದರ್ಶನದಲ್ಲಿ, ಮೂರನೆಯ ಕಾಳಗದಲ್ಲಿ ಪಟ್ಟ ಗೆದ್ದರು. ಇದರಿಂದ ನನಗೆ ತಿಳಿಯುವುದು ಇಷ್ಟು: ಕಣ ಬದಲಾದಾಗ ಗುರು ಬದಲಾಗಬಹುದು, ಆಗದೆಯೂ ಇರಬಹುದು, ಕಲಿಕೆ ಮಾತ್ರ ಬದಲಾಗಲೇಬೇಕು. ಉಲ್ಟಾ ದಾರಿಯಲ್ಲೂ ಇದು ನಿಜ. 2016ರ ರಿಯೊ ಒಲಿಂಪಿಕ್ಸಿಗೆ ಮೊದಲ ಸಲ ವೃತ್ತಿಪರ ಬಾಕ್ಸರುಗಳನ್ನು ಬಿಟ್ಟುಕೊಂಡರು. ಅರ್ಹತೆ ಪಡೆದು ಬಂದವರು ಮೂರೇ ಜನ, ಒಬ್ಬರಿಗೂ ಪದಕ ಬರಲಿಲ್ಲ. ಹಿಂದೆ ವಿಶ್ವ ಪಟ್ಟ ಹೊತ್ತಿದ್ದ ಹಸನ್ ಎನ್‌ಡಾಮ್ ಮೊದಲ ಪಂದ್ಯದಲ್ಲೇ ಹೊರಗೆ ಬಿದ್ದರು. ಹನ್ನೆರಡು ಸುತ್ತಿಗೆ ಉಸಿರು ಹಂಚಿಕೊಳ್ಳಲು ಕಲಿತ ಮೈಗೆ ಒಂಬತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸುವುದು ಸುಲಭವಲ್ಲ.

ಈ ಕಣ್ಣಿನಿಂದ ನಮ್ಮ ಯಕ್ಷಗಾನವನ್ನು ನೋಡೋಣ. ಹುಲಿಕಲ್ ಘಾಟಿ, ಆಗುಂಬೆ ಘಾಟಿ, ಕೊಲ್ಲೂರು ಘಾಟಿ ಏರಿ ಬರುವ ಮೇಳಗಳಿಗೆ ನಮ್ಮ ಮೂರು ತಾಲ್ಲೂಕುಗಳು ಹಳೆಯ ನೆಂಟಸ್ತಿಕೆಯ ಊರುಗಳು. ಹರಕೆ ಆಟ ಹೇಳಿಕೊಂಡ ಮನೆಗಳು ಇಲ್ಲಿ ಎಷ್ಟೋ ಇವೆ. ಆ ಮೇಳದ ಕಲಾವಿದನ ಕಣ ಯಾವುದು? ದೀಪಾವಳಿಯ ಸುಮಾರಿಗೆ ಹೊರಟು ಮೇ ತಿಂಗಳವರೆಗೆ, ಹೆಚ್ಚು ಕಡಿಮೆ ಪ್ರತಿ ರಾತ್ರಿ, ದಿನಕ್ಕೊಂದು ಊರು. ಇವತ್ತು ಯಾವ ಪ್ರಸಂಗ ಎಂಬುದು ಕೆಲವೊಮ್ಮೆ ಅವತ್ತೇ ತಿಳಿಯುತ್ತದೆ. ಪದ್ಯ ಮಾತ್ರ ಗೊತ್ತು; ಅರ್ಥ ಅಲ್ಲೇ ಹುಟ್ಟಬೇಕು, ಎದುರಿನ ವೇಷ ಎಸೆದ ಮಾತಿಗೆ ಅಲ್ಲೇ ಉತ್ತರ ಕೊಡಬೇಕು. ಭಾಗವತರು ಕಾಲ ಏರಿಸಿದರೆ ಕಾಲು ಅದಕ್ಕೆ ಸಿಗಬೇಕು. ಈ ವಿದ್ಯೆಯನ್ನು ಮೇಳದಲ್ಲಿ ಯಾರೂ ಪಾಠದ ಹಾಗೆ ಹೇಳಿಕೊಡುತ್ತಿರಲಿಲ್ಲ. ಹುಡುಗ ಮೇಳ ಸೇರಿ ಕೋಡಂಗಿ ಕುಣಿಯುತ್ತಿದ್ದ, ಬಾಲಗೋಪಾಲ ಆಗುತ್ತಿದ್ದ, ಪೀಠಿಕೆ ಸ್ತ್ರೀವೇಷ ಕಟ್ಟುತ್ತಿದ್ದ. ಒಂದೊಂದೇ ಮೆಟ್ಟಿಲು ಹತ್ತುತ್ತ, ಚೌಕಿಯಲ್ಲಿ ಹಿರಿಯರು ಮುಖವರ್ಣಿಕೆ ಬರೆಯುವುದನ್ನು ನೋಡುತ್ತ, ರಂಗದ ಮಗ್ಗುಲಲ್ಲಿ ನಿಂತು ಅರ್ಥ ಕೇಳುತ್ತ, ವರ್ಷಗಳ ಮೇಲೆ ಎರಡನೆಯ ವೇಷಕ್ಕೆ ಬರುತ್ತಿದ್ದ. ಅಲ್ಲಿ ಗುರು ಎಂದರೆ ರಾತ್ರಿಗಳ ಲೆಕ್ಕ. ಈಚೆಗೆ ಕಾಲಮಿತಿ ಪ್ರಯೋಗಗಳು ಬಂದು ಮೇಳಗಳ ಕಣವೂ ಬದಲಾಗುತ್ತಿದೆ, ನಿಜ. ಆದರೂ ಮೇಳದ ಕಲಾವಿದನ ಅರಿವಿನ ಬೇರು ಇರುವುದು ಆ ರಾತ್ರಿಗಳಲ್ಲೇ.

ಹವ್ಯಾಸಿ ಸಂಘದ ಮಗುವಿನ ಕಣ ಇನ್ನೊಂದು. ಶನಿವಾರ ಸಂಜೆಯೋ ಭಾನುವಾರ ಬೆಳಿಗ್ಗೆಯೋ ಒಂದೆರಡು ಗಂಟೆ ತರಗತಿ. ಒಂದೇ ಪ್ರಸಂಗವನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ, ಡಿಸೆಂಬರಿನ ಶಾಲಾ ವಾರ್ಷಿಕೋತ್ಸವದಲ್ಲೋ ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೋ ಎರಡು ಮೂರು ಗಂಟೆ ಆಡುವುದು. ಸೋಮವಾರ ಮತ್ತೆ ಶಾಲೆ. ಈ ಕಣದಲ್ಲಿ ಮಗು ಇಡೀ ವರ್ಷಕ್ಕೆ ವೇಷ ಕಟ್ಟುವುದು ಮೂರು ಸಲವೋ ನಾಲ್ಕು ಸಲವೋ. ಹೀಗಿರುವಾಗ ಮೇಳದ ಕಲಾವಿದರು ಬಂದು ತಮಗೆ ನೂರಾರು ರಾತ್ರಿಗಳಲ್ಲಿ ಕೂಡಿದ್ದನ್ನು ಇಪ್ಪತ್ತು ಭಾನುವಾರಗಳಲ್ಲಿ ದಾಟಿಸಬೇಕು. ಅವರ ಕೈಯಲ್ಲಿರುವ ಅತಿ ಹತ್ತಿರದ ದಾರಿ ಒಂದೇ: ನಾನು ಕುಣಿದ ಹಾಗೆ ಕುಣಿ. ಮಗು ಅವರ ಕತ್ತಿನ ಕೊಂಕನ್ನು, ಕೈಯ ಬೀಸನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಅಸಲಿನ ಹಿಂದೆ ಇದ್ದ ತಾಳದ ಲೆಕ್ಕ, ಪಾತ್ರದ ವಿಚಾರ ಅದರ ಕೈಗೆ ಬರುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತಮ್ಮ ಮೈಯೊಳಗಿಂದ ಹುಟ್ಟಿಸಿಕೊಂಡ ಶೈಲಿಯನ್ನು ಹೊರಗಿನಿಂದ ಹೊದ್ದುಕೊಂಡವರು ಎಷ್ಟು ಜನ ಎಂದು ಬಡಗುತಿಟ್ಟಿನ ಪ್ರೇಕ್ಷಕರಿಗೆ ಗೊತ್ತು. ತಪ್ಪು ಚಿಟ್ಟಾಣಿಯವರದಲ್ಲ, ಕಲಿಸಿದವರ ಶ್ರದ್ಧೆಯಲ್ಲೂ ಕೊರತೆಯಿಲ್ಲ. ಒಂದು ಕಣದ ವಿದ್ಯೆಯನ್ನು ಇನ್ನೊಂದು ಕಣದ ಸಮಯದೊಳಗೆ ತುಂಬಲು ಹೋದದ್ದರ ಫಲ ಅದು.

ಇಲ್ಲಿ ಮೈಯ ಮಾತೂ ಬರುತ್ತದೆ, ಇದನ್ನು ನಾನು ಒತ್ತಿ ಹೇಳಬೇಕು. ಬಡಗಿನ ಕುಣಿತದಲ್ಲಿ ಮಂಡಿ ಹಾಕುವುದು ಎಂಬುದಿದೆ. ಮೊಣಕಾಲೂರಿ ನೆಲದ ಮೇಲೆ ಸುತ್ತು ಸುತ್ತು ತಿರುಗುವುದು. ಚಪ್ಪಾಳೆ ಬೀಳುವುದು ಅದಕ್ಕೇ. ಮೈ ಹದವಾಗಿ ಬಲಿತ ಕಲಾವಿದ ಅದನ್ನು ಹಾಕುವುದು ಬೇರೆ, ಸಿಮೆಂಟಿನ ವೇದಿಕೆಯ ಮೇಲೆ ಹತ್ತು ವರ್ಷದ ಮಗು ಹಾಕುವುದು ಬೇರೆ. ಬಾಕ್ಸಿಂಗಿನಲ್ಲಿ ತಲೆಗೆ ಬೀಳುವ ಏಟು ಹೇಗೋ ಇಲ್ಲಿ ಮೊಣಕಾಲಿಗೆ ಬೀಳುವ ಭಾರ ಹಾಗೆ: ಅವತ್ತಿಗೆ ತಿಳಿಯುವುದಿಲ್ಲ. ಯಾರು ಬೇಡ ಎನ್ನುತ್ತಾರೆ ಎಂಬುದು ಗುರುವಿನ ಪರೀಕ್ಷೆ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವೆ ಮೂರನೆಯ ಕಾಳಗ ನಡೆಯಿತು. ಹದಿನಾಲ್ಕು ಸುತ್ತು ಮುಗಿದಾಗ ಫ್ರೇಜಿಯರರ ಕಣ್ಣು ಊದಿ ಮುಚ್ಚಿಹೋಗಿತ್ತು. ಪಟ್ಟದ ಕಾಳಗ ಆಗ ಹದಿನೈದು ಸುತ್ತಿನದು, ಉಳಿದದ್ದು ಒಂದೇ ಸುತ್ತು. ಫ್ರೇಜಿಯರ್ ಹೋಗುತ್ತೇನೆ ಎಂದರು, ಮೂಲೆಯಲ್ಲಿದ್ದ ತರಬೇತುದಾರ ಎಡ್ಡಿ ಫುಚ್ ಬಿಡಲಿಲ್ಲ, ಕಾಳಗ ನಿಲ್ಲಿಸಿದರು. ಜಗತ್ತಿನ ಅತಿ ದೊಡ್ಡ ಪಟ್ಟ ಕೈತಪ್ಪಿತು, ಮನುಷ್ಯ ಉಳಿದ. ಆ ಫುಚ್ ಸ್ವತಃ ವೃತ್ತಿಪರ ಬಾಕ್ಸರ್ ಆಗಿ ರಿಂಗಿಗೆ ಇಳಿದವರೇ ಅಲ್ಲ. ಡೆಟ್ರಾಯಿಟಿನಲ್ಲಿ ಅಮೆಚೂರ್ ಆಗಿ ಆಡಿದವರು. ಹೃದಯದ ತೊಂದರೆಯಿಂದ ಆಟ ಮುಂದುವರಿಸಲಾಗದೆ ಕಲಿಸುವುದಕ್ಕೆ ತಿರುಗಿದವರು. ವೃತ್ತಿಪರ ಕಣದ ಒಳಹೊರಗನ್ನು ಕಲಿತು, ಆ ಕಣದಲ್ಲಿ ಶಿಷ್ಯನ ಮೈಗೆ ತಾನೇ ಹೊಣೆ ಎಂದು ನಿಂತರು. ಆಡಿದ ಹಿರಿಮೆಯೇ ಕಲಿಸುವ ಹಿರಿಮೆ ಎಂದು ನಂಬಿದವರು ಈ ಒಂದು ಉದಾಹರಣೆಗೆ ಉತ್ತರ ಹೇಳಬೇಕಾಗುತ್ತದೆ.

ಹಾಗಾದರೆ ಊರಿನ ಹವ್ಯಾಸಿಯೇ ಸಾಕು ಎಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ಹವ್ಯಾಸಿ ಗುರುವಿನ ವಿರುದ್ಧ ಇರುವ ಆಕ್ಷೇಪ ಗಟ್ಟಿಯಾದದ್ದು. ಹವ್ಯಾಸಿಯ ತಪ್ಪನ್ನು ತಿದ್ದುವವರು ಯಾರೂ ಇಲ್ಲ ಎಂಬುದೇ ಆ ಆಕ್ಷೇಪ. ಮೇಳದಲ್ಲಿ ತಪ್ಪು ಹೆಜ್ಜೆ ಹಾಕಿದವನನ್ನು ಅವತ್ತೇ ಭಾಗವತರ ಕಣ್ಣು ಹಿಡಿಯುತ್ತದೆ, ಮದ್ದಳೆಯವರ ಪೆಟ್ಟು ಹಿಡಿಯುತ್ತದೆ, ಮರುದಿನ ಚೌಕಿಯಲ್ಲಿ ಮಾತು ಬೀಳುತ್ತದೆ. ಊರ ಗುರುವಿಗೆ ಎದುರು ಕೂರುವವರು ತಂದೆತಾಯಿಯರು. ಅವರಿಗೆ ಮಗು ರಂಗದ ಮೇಲೆ ಬಂದದ್ದೇ ಸಂತೋಷ. ಹೀಗೆ ಒಂದು ತಪ್ಪು ತಲೆಮಾರಿಗೆ ತಲೆಮಾರು ಇಳಿದು ಕೊನೆಗೆ ಅದೇ ಸಂಪ್ರದಾಯ ಎನಿಸಿಕೊಳ್ಳುತ್ತದೆ. ಇನ್ನೊಂದು ದೋಷ ಇದಕ್ಕಿಂತ ಆಳದ್ದು. ಒಂದು ಪ್ರಸಂಗವನ್ನು ಗಟ್ಟಿ ಮಾಡಿಸಿದ ಮಗುವಿಗೆ ಆ ಪ್ರಸಂಗ ಬರುತ್ತದೆ, ಯಕ್ಷಗಾನ ಬರುವುದಿಲ್ಲ. ಗೊತ್ತಿಲ್ಲದ ಪದ್ಯವೊಂದನ್ನು ಅದೇ ತಾಳದಲ್ಲಿ ಹಾಡಿದರೆ ಕಾಲು ನಿಂತುಹೋಗುತ್ತದೆ. ಏಕತಾಳ, ಝಂಪೆ, ತ್ರಿವುಡೆ, ಅಷ್ಟ ಎಂಬ ಲೆಕ್ಕವನ್ನು ಕೈಯಲ್ಲಿ ಹಾಕಿ, ಬಾಯಲ್ಲಿ ಹೇಳಿ, ಕಾಲಿಗೆ ಇಳಿಸುವ ಕ್ರಮ ತಪ್ಪಿದ ಕಡೆ ಹವ್ಯಾಸಿ ಕಲಿಕೆ ಬಾಯಿಪಾಠವಾಗಿ ಉಳಿಯುತ್ತದೆ. ಬಾಕ್ಸಿಂಗ್ ಕಲಿಸುವ ಕೋಣೆಯಲ್ಲಿ ಇದೇ ದೋಷದ ರೂಪ ಭಯಂಕರ: ಗಲ್ಲ ತಗ್ಗಿಸಿ ಕೈ ಎತ್ತಿ ಹಿಡಿಯುವುದನ್ನು ತಪ್ಪಾಗಿ ಕಲಿತವನ ತಲೆಗೇ ಏಟು.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆ ಅದು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ? ಹವ್ಯಾಸಿ ಗುರುವಿಗೆ ಹೊರಗಿನ ಕಣ್ಣೊಂದು ಬೇಕು ಎಂಬಲ್ಲಿಗೆ. ಅವರನ್ನು ಬಿಟ್ಟು ವೃತ್ತಿಪರರನ್ನು ಕೂರಿಸಬೇಕು ಎಂಬಲ್ಲಿಗೆ ಒಯ್ಯುವುದಿಲ್ಲ. ಈ ಎರಡಕ್ಕೂ ಇರುವ ಅಂತರವನ್ನು ನಮ್ಮದೇ ಸಾಗರ ತಾಲ್ಲೂಕಿನ ಹೆಗ್ಗೋಡು ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ನಾವೆಲ್ಲ ನೀನಾಸಂ ಎನ್ನುವುದು, ಹುಟ್ಟಿದ್ದು 1949ರಲ್ಲಿ. ಹೆಸರೇ ಹೇಳುವಂತೆ ಸೇವೆಗಾಗಿ ನಾಟಕ. ಅಡಿಕೆ ತೋಟದ ಜನ, ಹಗಲು ತಮ್ಮ ಕೆಲಸ, ರಾತ್ರಿ ತಾಲೀಮು. ಅಂದಿನ ಕನ್ನಡದಲ್ಲಿ ರಂಗಭೂಮಿಗೆ ಎರಡು ಕಣಗಳಿದ್ದವು. ಒಂದು ಕಡೆ 1884ರಲ್ಲಿ ಶುರುವಾಗಿ ವೀರಣ್ಣನವರ ಕೈಯಲ್ಲಿ ಬೆಳೆದ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳು. ಇನ್ನೊಂದು ಕಡೆ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್‌ನಿಂದ ಮೊದಲಾಗಿ, ಕೈಲಾಸಂ, ಶ್ರೀರಂಗರ ನಾಟಕಗಳ ಸುತ್ತ ಬೆಳೆದ ಹವ್ಯಾಸಿ ರಂಗ. ವಿಚಾರ ಹವ್ಯಾಸಿಗಳದು, ಕಸುಬು ಕಂಪನಿಗಳದು ಎಂಬ ಮಾತೇ ರೂಢಿಯಾಗಿತ್ತು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರ ಮುಂದೆ ಇದ್ದದ್ದು ಇವತ್ತು ನಮ್ಮ ಮುಂದಿರುವ ಪ್ರಶ್ನೆಯೇ. ಅವರು ಸಂಘವನ್ನು ಹವ್ಯಾಸಿ ಸಂಘವಾಗಿಯೇ ಉಳಿಸಿಕೊಂಡರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು, ಮರುವರ್ಷ ಚಿತ್ರಸಮಾಜ ಬಂತು. ಕಸುಬಿನ ಕಲಿಕೆ ಬೇಕು ಎನ್ನಿಸಿದಾಗ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಚಿದಂಬರರಾವ್ ಜಂಬೆಯವರು, ಕೆ.ವಿ. ಅಕ್ಷರ ಅವರು ಕಲಿಸಲು ನಿಂತರು. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಸೇರಿ, ಮುಂದೆ ಅದೇ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರೂ ಆದ ಬಿ.ವಿ. ಕಾರಂತರ ಒಡನಾಟ ದೊರೆಯಿತು.

ನನ್ನ ವಾದಕ್ಕೆ ಮುಖ್ಯವಾದದ್ದು ಇದರ ಮುಂದಿನ ಹೆಜ್ಜೆ. ಪೂರ್ಣಾವಧಿ ತರಬೇತಿ ಪಡೆದು ಹೊರಬಂದ ವಿದ್ಯಾರ್ಥಿ ಎಲ್ಲಿ ಆಡಬೇಕು? ಊರಿನ ಹವ್ಯಾಸಿ ಸಂಘ ವರ್ಷಕ್ಕೊಂದು ನಾಟಕ ಆಡುತ್ತದೆ. ಆ ಕಣಕ್ಕೆ ಈ ಕಲಿಕೆ ದೊಡ್ಡದು. ಹಾಗಾಗಿ 1985ರಲ್ಲಿ ತಿರುಗಾಟ ಶುರುವಾಯಿತು. ತರಬೇತಿ ಪಡೆದ ನಟರ ತಂಡ, ಸಂಬಳದ ಕೆಲಸ, ಕೆಲವು ನಾಟಕಗಳನ್ನು ಕಟ್ಟಿಕೊಂಡು ಕರ್ನಾಟಕದ ಊರೂರಿಗೆ ಪ್ರಯಾಣ. ಈ ಮಾದರಿ ಹೊಸದಾಗಿ ಕಂಡರೂ ಮಲೆನಾಡಿನವರಿಗೆ ಅದರ ಮೂಲ ತಿಳಿಯದ್ದೇನಲ್ಲ. ಘಟ್ಟ ಹತ್ತಿ ಬರುತ್ತಿದ್ದ ಮೇಳದ ತಿರುಗಾಟವೇ ಅದು, ಹೆಸರಿನ ಸಮೇತ. ನೀನಾಸಂ ವೃತ್ತಿಪರ ಗುರುಗಳನ್ನು ತಂದಾಗ ವೃತ್ತಿಪರ ಕಣವನ್ನೂ ಕಟ್ಟಿತು. ಒಂದನ್ನು ತಂದು ಇನ್ನೊಂದನ್ನು ಬಿಟ್ಟಿದ್ದರೆ ಎರಡೂ ಒಣಗುತ್ತಿದ್ದವು. ಇದರ ಜೊತೆಗೇ ಊರಿನ ಹವ್ಯಾಸಿ ತಂಡ ತನ್ನ ಪಾಡಿಗೆ ತಾನು ನಾಟಕ ಆಡುತ್ತಲೇ ಇತ್ತು, ಅದನ್ನು ಶಾಲೆಯ ಅಡಿಯಾಳು ಮಾಡಲಿಲ್ಲ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹಳ್ಳಿಯೊಂದರಲ್ಲಿ ಇಷ್ಟೆಲ್ಲ ನಡೆಯಿತಲ್ಲ ಎಂಬ ಬೆರಗಿನ ಮಾತು ಬಹಳ ಕೇಳಿಬಂತು. ನನಗೆ ಬೆರಗು ಎನಿಸುವುದು ಆ ವ್ಯವಸ್ಥೆಯ ಒಳಗಿನ ವಿವೇಕ: ಹವ್ಯಾಸಿಗಳು ಯಜಮಾನಿಕೆ ಬಿಟ್ಟುಕೊಡಲಿಲ್ಲ, ವೃತ್ತಿಪರರನ್ನು ಅರೆಮನಸ್ಸಿನಿಂದ ಕರೆಯಲೂ ಇಲ್ಲ.

ಯಕ್ಷಗಾನದಲ್ಲೂ ಇಂಥದೇ ಜೋಡಣೆಗೆ ಸಾಕ್ಷಿ ಇದೆ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿದಾಗ ಅದರ ಹಿಂದೆ ಇದ್ದವರು ಶಿವರಾಮ ಕಾರಂತರು ಮತ್ತು ಕು.ಶಿ. ಹರಿದಾಸ ಭಟ್ಟರು. ಇಬ್ಬರೂ ಮೇಳದ ಕಲಾವಿದರಲ್ಲ. ಕಲಿಸಲು ಕರೆತಂದದ್ದು ಮೇಳದಲ್ಲಿ ಬದುಕು ಸವೆಸಿದ ವೀರಭದ್ರ ನಾಯಕರು, ನೀಲಾವರ ರಾಮಕೃಷ್ಣಯ್ಯನವರು, ಹಿರಿಯಡಕ ಗೋಪಾಲರಾಯರಂಥವರನ್ನು. ಏನನ್ನು, ಎಷ್ಟು ದಿನದಲ್ಲಿ, ಯಾವ ಕ್ರಮದಲ್ಲಿ ಕಲಿಸಬೇಕು ಎಂಬ ಚೌಕಟ್ಟು ಸಂಸ್ಥೆಯದು, ವಿದ್ಯೆ ಮೇಳದವರದು. ಇದಕ್ಕೆ ಪೂರ್ತಿ ಬೇರೆಯದೇ ಆದ ದಾರಿ ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರದು. ಸ್ವಂತ ಮನೆ ಮಠ ಎನ್ನದೆ ಊರಿಂದೂರಿಗೆ ತಿರುಗಿ, ಹೋದಲ್ಲಿ ತಿಂಗಳಾನುಗಟ್ಟಲೆ ನಿಂತು, ಹವ್ಯಾಸಿಗಳಿಗೂ ಮಕ್ಕಳಿಗೂ ತಾಳದ ಮೊದಲ ಅಕ್ಷರದಿಂದ ಕಲಿಸಿದರು. ಕಲಿಯುವವರಿಗೆ ತಕ್ಕ ಹಾಗೆ ಹೊಸ ಪ್ರಸಂಗಗಳನ್ನೇ ಬರೆದರು. ಶಿವಮೊಗ್ಗದಲ್ಲಿ ಕಣ್ಣು ಕಾಣದವರಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ನೋಡಿ ಕಲಿಯುವುದು ಎಂಬ ಮೇಳದ ಮೂಲಸೂತ್ರವೇ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ಕುಣಿದ ಹಾಗೆ ಕುಣಿ ಎಂಬ ಮಾತಿಗೆ ಅರ್ಥವೇ ಇಲ್ಲ. ಹೆಜ್ಜೆಯನ್ನು ಲೆಕ್ಕವಾಗಿ, ದಿಕ್ಕಾಗಿ, ಕೈಹಿಡಿದು ಮುಟ್ಟಿಸಿ ಹೇಳಿಕೊಡಬೇಕು. ಕಲಿಯುವವರ ಕಣವನ್ನು ಮೊದಲು ನೋಡಿ ಆಮೇಲೆ ವಿದ್ಯೆಯನ್ನು ಬಿಡಿಸಿಕೊಂಡ ಗುರುವಿಗೆ ಮಾತ್ರ ಇದು ಸಾಧ್ಯ. 2020ರಲ್ಲಿ ತೀರಿಕೊಂಡ ಭಾಗವತರನ್ನು ಹವ್ಯಾಸಿ ಎಂದು ಕರೆಯುವುದೋ ವೃತ್ತಿಪರ ಎಂದು ಕರೆಯುವುದೋ ನನಗೆ ಬಗೆಹರಿಯುವುದಿಲ್ಲ, ಬಗೆಹರಿಯಬೇಕಾದ ಅಗತ್ಯವೂ ಕಾಣುವುದಿಲ್ಲ.

ಈ ವಾದಕ್ಕೆ ಕಲಾವಿದರ ಕಡೆಯಿಂದ ಬರಬಹುದಾದ ಆಕ್ಷೇಪವನ್ನು ನಾನು ತುಂಬ ಗೌರವದಿಂದ ಎದುರಿಸಬೇಕು. ಊರ ಗುರುವೇ ಮುಖ್ಯ ಎಂದು ನೀವು ಹೇಳಿದರೆ ಸಂಘಗಳಿಗೆ ಅದು ನೆಪವಾಗುತ್ತದೆ. ಮಳೆಗಾಲದಲ್ಲಿ ಕಲಿಸಿ ನಾಲ್ಕು ಕಾಸು ಕಾಣುವ ಮೇಳದ ಕಲಾವಿದನ ಅನ್ನಕ್ಕೆ ಕಲ್ಲು ಬೀಳುತ್ತದೆ ಎನ್ನಬಹುದು. ಈ ಆತಂಕ ನ್ಯಾಯವಾದದ್ದು. ಆರು ತಿಂಗಳ ತಿರುಗಾಟದ ಗಳಿಕೆಯಲ್ಲಿ ಹನ್ನೆರಡು ತಿಂಗಳು ಬದುಕಬೇಕಾದವರಿಗೆ ತರಗತಿ ಎಂಬುದು ಶೋಕಿಯಲ್ಲ. ಆದರೆ ಇಂದಿನ ಪದ್ಧತಿ ಅವರಿಗೆ ಏನು ಕೊಡುತ್ತಿದೆ ಎಂದು ಕೇಳೋಣ. ಗೌರವಧನ ಎಂಬ ಮಾತೇ ನನಗೆ ಇಷ್ಟವಿಲ್ಲ. ಗೌರವವೂ ಧನವೂ ಎರಡೂ ಅದರಲ್ಲಿ ಅರ್ಧರ್ಧ. ಶಾಲು, ಹಣ್ಣಿನ ಬುಟ್ಟಿ, ಬಸ್ಸಿನ ಖರ್ಚು ಕೊಟ್ಟು ಕಲಿಸಿಕೊಂಡದ್ದನ್ನು ನಾವು ಪ್ರೀತಿ ಎಂದುಕೊಳ್ಳುತ್ತೇವೆ. ಹವ್ಯಾಸಿ ಎಂಬ ಪದ ನಮ್ಮ ಮನಸ್ಸಿನ ಪ್ರೀತಿಯನ್ನು ಹೇಳಬೇಕೇ ಹೊರತು ಇನ್ನೊಬ್ಬರ ಕೂಲಿಯನ್ನು ಉಳಿಸಿಕೊಳ್ಳುವ ಪದವಾಗಬಾರದು. ನಾನು ಕೇಳುವುದು ವೃತ್ತಿಪರರಿಗೆ ಕೆಲಸ ಕಡಿಮೆ ಮಾಡಿ ಎಂದಲ್ಲ. ಅವರಿಗೆ ಅವರದೇ ಆದ ಕೆಲಸ ಕೊಡಿ, ಊರ ಗುರುವನ್ನು ತಿದ್ದುವ, ತಾಳದ ಬುನಾದಿ ಹಾಕುವ, ಮಗು ತಪ್ಪಿದ ಜಾಗವನ್ನು ತೋರಿಸುವ ಕೆಲಸ. ಅದಕ್ಕೆ ಮೊದಲೇ ಮಾತಾಡಿದ ಸಂಬಳ ಕೊಡಿ ಎಂದು. ಒಂದು ಸಂಘಕ್ಕೆ ಭಾರವಾದರೆ ಎರಡು ಮೂರು ಸಂಘ ಸೇರಿ ಹೊರಲಿ.

ಇನ್ನೊಂದು ಆಕ್ಷೇಪ ತಂದೆತಾಯಿಯರದು. ನಮ್ಮ ಮಗುವಿನಲ್ಲಿ ನಿಜವಾದ ಪ್ರತಿಭೆ ಇದೆ, ಊರ ಗುರುವಿನ ಕೈಯಲ್ಲಿ ಬಿಟ್ಟರೆ ಅದು ಕುಂಠಿತವಾಗುವುದಿಲ್ಲವೇ? ಅಂಥ ಮಗು ಇರುತ್ತದೆ. ಅದನ್ನು ಗುರುತಿಸುವವರು ಯಾರು ಎಂಬುದು ಇಲ್ಲಿ ಮುಖ್ಯ. ವಾರಕ್ಕೊಮ್ಮೆ ಬಂದು ಹೋಗುವವರಿಗೆ ಮಗುವಿನ ಒಳ್ಳೆಯ ದಿನ ಮಾತ್ರ ಕಾಣುತ್ತದೆ. ಮಳೆಯಲ್ಲಿ ನೆನೆದು ತರಗತಿಗೆ ಬಂದದ್ದು, ಪಾತ್ರ ಸಿಗದಾಗ ಸಿಟ್ಟಾಗದೆ ಇನ್ನೊಬ್ಬರ ಗೆಜ್ಜೆ ಕಟ್ಟಿದ್ದು, ಪರೀಕ್ಷೆಯ ತಿಂಗಳಲ್ಲೂ ತಾಳ ಬಿಡದಿದ್ದದ್ದು ಕಾಣುವುದು ಊರಲ್ಲಿ ಇರುವವರಿಗೆ. ಅಂಥ ಗುರು ಹೊರಗಿನ ಕಣ್ಣಿನ ಒಪ್ಪಿಗೆಯನ್ನೂ ಪಡೆದು ಉಡುಪಿಯ ಕೇಂದ್ರಕ್ಕೋ, ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಕಟ್ಟಿದ ಶ್ರೀಮಯ ಕಲಾಕೇಂದ್ರಕ್ಕೋ, ನಾಟಕವಾದರೆ ಹೆಗ್ಗೋಡಿಗೋ ಕಳಿಸಲಿ. ಆಗ ಕಣ ಬದಲಾಗುತ್ತದೆ, ಗುರುವೂ ಬದಲಾಗುತ್ತಾರೆ, ಭಿವಾನಿಯಿಂದ ಮ್ಯಾಂಚೆಸ್ಟರಿಗೆ ಹೋದ ಹಾಗೆ. ಕಳಿಸಿಕೊಡುವ ಧೈರ್ಯ ಇಲ್ಲದ ಊರ ಗುರುವನ್ನು ನಾನು ಸಮರ್ಥಿಸುವುದಿಲ್ಲ; ಶಿಷ್ಯನನ್ನು ತನ್ನ ಸಂಘದ ಆಸ್ತಿ ಎಂದುಕೊಂಡವರು ಎಷ್ಟು ವರ್ಷ ಕಲಿಸಿದ್ದರೂ ಗುರುಗಳಲ್ಲ.

ಕೊನೆಗೆ ಕಾಲದ ಮಾತು, ಏಕೆಂದರೆ ನಮ್ಮ ಸೀಮೆಯಲ್ಲಿ ಎಲ್ಲ ವ್ಯವಸ್ಥೆಯೂ ಮಳೆಗೆ ತಲೆಬಾಗಲೇಬೇಕು. ಮೇಳದ ಕಲಾವಿದರಿಗೆ ಬಿಡುವು ಇರುವುದು ಜೂನಿನಿಂದ ದೀಪಾವಳಿಯವರೆಗೆ. ನಮ್ಮ ಮಕ್ಕಳ ಆಟಗಳು ನಡೆಯುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಮಗು ರಂಗಕ್ಕೆ ಹೋಗುವ ರಾತ್ರಿ, ಎಷ್ಟೇ ಪ್ರೀತಿಯಿದ್ದರೂ, ವೃತ್ತಿಪರ ಗುರು ಬೇರೆ ಊರಿನ ಚೌಕಿಯಲ್ಲಿ ತಮ್ಮ ಮುಖಕ್ಕೆ ಬಣ್ಣ ಹಚ್ಚುತ್ತಿರುತ್ತಾರೆ. ಮೂಲೆಯಲ್ಲಿ ನಿಲ್ಲಬೇಕಾದವರು, ಬೇಡ ಇವತ್ತು ಮಂಡಿ ಹಾಕಬೇಡ ಎನ್ನಬೇಕಾದವರು, ಪದ ಮರೆತು ಅತ್ತ ಮಗುವನ್ನು ಮರುದಿನ ಮತ್ತೆ ತರಗತಿಗೆ ಕರೆಯಬೇಕಾದವರು ಊರಲ್ಲೇ ಇರಬೇಕು. ಆದ್ದರಿಂದ ಮಳೆಗಾಲದ ಐದು ತಿಂಗಳು ವೃತ್ತಿ ಕಲಾವಿದರದಾಗಲಿ, ಆ ತರಗತಿಗಳಲ್ಲಿ ಊರ ಗುರು ಮಕ್ಕಳ ಸಾಲಿನಲ್ಲೇ ನಿಂತು ಕಲಿಯಲಿ. ಉಳಿದ ಏಳು ತಿಂಗಳು ಊರ ಗುರುವಿನದು. ಮೇ ಕೊನೆಗೆ ಕಲಾವಿದರು ಮೇಳ ಬಿಟ್ಟು ಬಂದಾಗ ಒಂದು ಸಂಜೆ ಮಕ್ಕಳಿಗೆ ಗೊತ್ತಿಲ್ಲದ ಪದ್ಯವೊಂದನ್ನು ಹಾಡಿಸಿ ಕುಣಿಸಿ ನೋಡಲಿ. ಕಾಲು ನಿಂತರೆ ಎಲ್ಲಿ ನಿಂತಿತು ಎಂಬುದು ಮುಂದಿನ ಮಳೆಗಾಲದ ಪಾಠ. ಮೊದಲೆಲ್ಲ ತುಮರಿ, ಸಿಗಂದೂರು ಕಡೆಯ ಮಕ್ಕಳನ್ನು ಇಂಥ ಏರ್ಪಾಟಿಗೆ ಸೇರಿಸಿಕೊಳ್ಳುವುದು ಕಷ್ಟವಿತ್ತು; ಕೊನೆಯ ಲಾಂಚ್ ಹೊರಡುವ ಹೊತ್ತೇ ತರಗತಿ ಮುಗಿಯುವ ಹೊತ್ತಾಗಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಸೇತುವೆ ತೆರೆದ ಮೇಲೆ ಆ ಅಡ್ಡಿಯೂ ಇಲ್ಲ. ಬರುವ ಜೂನಿನ ಮೊದಲ ಸಭೆಯಲ್ಲಿ ಕಾರ್ಯದರ್ಶಿಗಳು ಪುಸ್ತಕ ತೆರೆದಾಗ ಮೊದಲ ಸಾಲಿನಲ್ಲಿ ಆಟದ ರಾತ್ರಿ ಚೌಕಿಯಲ್ಲಿ ಮಕ್ಕಳ ಜೊತೆ ಇರುವವರ ಹೆಸರು ಬರೆಯಲಿ, ಅದರ ಕೆಳಗೆ ಮಳೆಗಾಲಕ್ಕೆ ಘಟ್ಟ ಹತ್ತಿ ಬರುವ ಕಲಾವಿದರ ಹೆಸರು, ಅದರ ಪಕ್ಕದಲ್ಲಿ ಅವರಿಗೆ ಕೊಡುವ ಸಂಬಳ.